ಆಷಾಢದ ಗಾಳಿ, ಮಾರ್ಚಿನ ವ್ಯಾಪಾರ

ನಮ್ಮಲ್ಲಿ ಗಾಳಿ ಜೋರಾಗುವುದು ಆಷಾಢದಲ್ಲಿ. ಗಾಳಿಯಿಂದ ವಿದ್ಯುತ್ ತೆಗೆಯುವ ಗಾಳಿಯಂತ್ರದ ವ್ಯಾಪಾರ ಮಾತ್ರ ಬಹುಕಾಲ ಜೋರಾಗುತ್ತಿದ್ದುದು ಮಾರ್ಚ್ ತಿಂಗಳಲ್ಲಿ, ಆದಾಯ ತೆರಿಗೆಯ ಲೆಕ್ಕ ಮುಗಿಸುವ ಹೊತ್ತಿಗೆ. ಈ ಉದ್ಯಮ ಭಾರತದಲ್ಲಿ ಏರಿದ್ದು, ಬಿದ್ದದ್ದು ಅರ್ಥವಾಗಬೇಕಾದರೆ ಹಳೆಯ ಬಜೆಟ್ ಪ್ರತಿಗಳನ್ನು ತೆರೆಯಬೇಕು.

ಯಂತ್ರ ಬಂದದ್ದು ಡೆನ್ಮಾರ್ಕಿನಿಂದ. 1973ರ ತೈಲ ಬಿಕ್ಕಟ್ಟಿನ ನಂತರ ಅಲ್ಲಿನ ಕೃಷಿ ಉಪಕರಣ ತಯಾರಕರು ಗಾಳಿಯಂತ್ರಕ್ಕೆ ಕೈಹಾಕಿದರು. ಅವರಿಗೆ ದೊಡ್ಡ ಮಾರುಕಟ್ಟೆ ಸಿಕ್ಕಿದ್ದು ಕ್ಯಾಲಿಫೋರ್ನಿಯಾದಲ್ಲಿ, ಅದೂ ತೆರಿಗೆ ರಿಯಾಯಿತಿಯ ಬಲದಿಂದಲೇ. 1985ರ ಕೊನೆಗೆ ರಿಯಾಯಿತಿ ನಿಂತಿತು. ಮರುವರ್ಷ ಡೆನ್ಮಾರ್ಕಿನ ಗಾಳಿಯಂತ್ರ ತಯಾರಕ ವೆಸ್ಟಾಸ್ ಕಂಪನಿ ದಿವಾಳಿಯೆದ್ದಿತು. ಮತ್ತೆ ಚೇತರಿಸಿಕೊಂಡಿತು ಎನ್ನುವುದು ಬೇರೆ ಮಾತು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಗುಜರಾತ್, ತಮಿಳುನಾಡುಗಳಲ್ಲಿ 55 ಕಿಲೋವಾಟ್‌ನ ಪ್ರಾಯೋಗಿಕ ಯಂತ್ರಗಳು ತಿರುಗತೊಡಗಿದವು. ಅಮೆರಿಕದ ಪಾಠ ಇಲ್ಲಿ ಯಾರ ಕಿವಿಗೂ ಬಿದ್ದಂತಿಲ್ಲ.

1990ರ ದಶಕದಲ್ಲಿ ಸರ್ಕಾರ ಗಾಳಿಯಂತ್ರಕ್ಕೆ ಮೊದಲ ವರ್ಷವೇ ಶೇ 100ರಷ್ಟು ಸವಕಳಿ ತೋರಿಸಲು ಅವಕಾಶ ಕೊಟ್ಟಿತು. ಅಂದರೆ, ಕೋಟಿ ರೂಪಾಯಿಯ ಯಂತ್ರ ಕೊಂಡ ಗಿರಣಿ ಮಾಲೀಕ ಆ ವರ್ಷದ ಲಾಭದಲ್ಲಿ ಕೋಟಿಯನ್ನೂ ಕಳೆದು ತೋರಿಸಬಹುದಿತ್ತು. ರೆಕ್ಕೆ ತಿರುಗಿತೋ ಇಲ್ಲವೋ, ತೆರಿಗೆಯಂತೂ ಉಳಿಯಿತು. 1996ರಲ್ಲಿ ಲಾಭದಲ್ಲಿರುವ ಕಂಪನಿಗಳಿಗೆ, ಎಷ್ಟೇ ರಿಯಾಯಿತಿ ತೋರಿಸಿದರೂ ಒಂದಿಷ್ಟಾದರೂ ಕಟ್ಟಲೇಬೇಕಾದ ಕನಿಷ್ಠ ಪರ್ಯಾಯ ತೆರಿಗೆ ಬಂದಾಗ ಕೊಳ್ಳುವವರು ಕರಗಿದರು.

ಇಂಥ ಗಿರಾಕಿಯ ಮನಸ್ಸನ್ನು ಚೆನ್ನಾಗಿ ಓದಿದವರು ತುಳಸಿ ತಾಂತಿ. ಗುಜರಾತಿನಲ್ಲಿ ಜವಳಿ ಉದ್ಯಮ ನಡೆಸುತ್ತಿದ್ದ ಅವರು ವಿದ್ಯುತ್ ಬಿಲ್ಲಿನ ಕಾಟಕ್ಕೆ ಗಾಳಿಯಂತ್ರ ಕೊಂಡು, 1995ರಲ್ಲಿ ತಾವೇ ಗಾಳಿಯಂತ್ರದ ಕಂಪನಿ ಸುಜ್ಲಾನ್ ಕಟ್ಟಿದರು. ಜಾಗ, ಗೋಪುರ, ಯಂತ್ರ, ನಿರ್ವಹಣೆ ಎಲ್ಲವೂ ಕಂಪನಿಯದೇ. ಕೊಳ್ಳುವವನು ಹಣ ಹಾಕಿದರೆ ಸಾಕು. ಗಾಳಿಯ ಗಂಧವೇ ಇಲ್ಲದ ಹೂಡಿಕೆದಾರನಿಗೆ ಇನ್ನೇನು ಬೇಕು? ಚಿತ್ರದುರ್ಗ, ಗದಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸಾಲುಗಟ್ಟಿದವು. ಉಡುಪಿ ಜಿಲ್ಲೆಯ ಪಡುಬಿದ್ರಿಯಲ್ಲಿ ಸುಜ್ಲಾನ್‌ನ ರೆಕ್ಕೆ ತಯಾರಿಕಾ ಘಟಕ ಎದ್ದಿತು. 2007ರಲ್ಲಿ ಕಂಪನಿ ಜರ್ಮನಿಯ ಗಾಳಿಯಂತ್ರ ತಯಾರಕ ರೀಪವರ್ ಅನ್ನೇ ಕೈವಶ ಮಾಡಿಕೊಂಡಿತು. ಹಾಸಿಗೆ ಮೀರಿ ಚಾಚಿದ ಕಾಲು ಅದು. 2012ರಲ್ಲಿ ವಿದೇಶಿ ಬಾಂಡ್‌ಗಳ ಹಣ ತೀರಿಸಲಾಗದೆ ಕಂಪನಿ ಕೈಚೆಲ್ಲಿತು. ಮೊದಲ ವರ್ಷವೇ ಹೆಚ್ಚಿನ ಸವಕಳಿ ತೋರಿಸುವ ಸೌಲಭ್ಯವನ್ನು ಸರ್ಕಾರ ಹಿಂತೆಗೆದುಕೊಂಡದ್ದೂ ಅದೇ ವರ್ಷ; 2014ರಲ್ಲಿ ಮತ್ತೆ ಕೊಟ್ಟಿತು.

ದೊಡ್ಡ ಪೆಟ್ಟು ಬಿದ್ದದ್ದು 2017ರಲ್ಲಿ. ಗಾಳಿ ವಿದ್ಯುತ್ತಿಗೆ ಸರ್ಕಾರ ನಿಗದಿ ಮಾಡುತ್ತಿದ್ದ ದರದ ಜಾಗಕ್ಕೆ, ಕಡಿಮೆ ಬೆಲೆ ಕೂಗಿದವರೇ ಗೆಲ್ಲುವ ಹರಾಜು ಬಂದಿತು. ಫೆಬ್ರುವರಿಯಲ್ಲಿ ಯೂನಿಟ್‌ಗೆ 3.46 ರೂಪಾಯಿ ಇದ್ದ ಬೆಲೆ ವರ್ಷಾಂತ್ಯಕ್ಕೆ 2.43ಕ್ಕೆ ಇಳಿಯಿತು. 2016–17ರಲ್ಲಿ ಸುಮಾರು 5,500 ಮೆಗಾವಾಟ್ ಸೇರಿದ್ದ ದೇಶದಲ್ಲಿ ಮರುವರ್ಷ ಎರಡು ಸಾವಿರವೂ ಸೇರಲಿಲ್ಲ. ತಯಾರಕರ ಬಳಿ ಕಾರ್ಖಾನೆಗಳಿದ್ದವು, ಬೇಡಿಕೆ ಇರಲಿಲ್ಲ.

ಈಗ ದೇಶದ ಸ್ಥಾಪಿತ ಸಾಮರ್ಥ್ಯ 50 ಸಾವಿರ ಮೆಗಾವಾಟ್ ದಾಟಿದೆ, ಎರಡು–ಮೂರು ಮೆಗಾವಾಟ್‌ನ ದೈತ್ಯ ಯಂತ್ರಗಳು ಇಲ್ಲಿಯೇ ತಯಾರಾಗುತ್ತಿವೆ. ಆದರೆ ತಮಿಳುನಾಡಿನ ಮುಪ್ಪಂದಲ್‌ನಂಥ, ಗಾಳಿ ತುಂಬಿ ಬೀಸುವ ಕಣಿವೆಗಳಲ್ಲಿ ಇಂದಿಗೂ ಹಲವೆಡೆ ನಿಂತಿರುವುದು ತೆರಿಗೆ ಉಳಿಸಲು ಆಗ ನೆಟ್ಟ ಇನ್ನೂರು ಚಿಲ್ಲರೆ ಕಿಲೋವಾಟ್‌ನ ಹಳೆಯ ಯಂತ್ರಗಳೇ.