ಜಾಝ್ ಹುಡುಕೋರು ರೆಕಾರ್ಡ್ ಒಂದನ್ನೇ ನಂಬ್ಕೂಡ್ದು

ಜಾಝ್ ಇತಿಹಾಸದ ಮೇಲೆ ಕೆಲಸ ಮಾಡ್ತೀನಿ ಅಂತ ಬರೋ ಹುಡುಗ್ರಿಗೆ ನಾನು ಮೊದ್ಲು ಹೇಳೋದು, ರೆಕಾರ್ಡ್ ಕೇಳೋಕೆ ಮುಂಚೆ ಅದನ್ನ ಹೇಗೆ ಮಾಡಿದ್ರು ತಿಳ್ಕೊಳಿ ಅಂತ. 1923ರಲ್ಲಿ ಅಮೆರಿಕದ ಜಾಝ್ ಕಲಾವಿದ ಕಿಂಗ್ ಆಲಿವರ್ ಬ್ಯಾಂಡ್‌ನವ್ರು ಇಂಡಿಯಾನಾದ ರಿಚ್ಮಂಡ್‌ಗೆ ಹೋಗಿ ರೆಕಾರ್ಡ್ ಮಾಡಿದಾಗ ಮೈಕೇ ಇರ್ಲಿಲ್ಲ, ಕಹಳೆ ಥರದ ದೊಡ್ಡ ಕೊಳವೆ ಮುಂದೆ ನಿಂತು ಎಲ್ರೂ ನುಡಿಸ್ಬೇಕಿತ್ತು, ದೊಡ್ಡ ಡ್ರಮ್ ಬಾರಿಸಿದ್ರೆ ಮೇಣದ ತಟ್ಟೆ ಮೇಲಿನ ಸೂಜಿ ಎಗರಿಬಿಡ್ತಿತ್ತು. ಅದಕ್ಕೇ ಅಲ್ಲಿ ಆ ಬ್ಯಾಂಡಿನ ಡ್ರಮ್ಮರ್ ಬೇಬಿ ಡಾಡ್ಸ್ ಅವ್ರ ಕೈಯಿಂದ ಮರದ ತುಂಡಿನ ಟಕ್ ಟಕ್ ಸದ್ದೇ ಜಾಸ್ತಿ ಕೇಳ್ಸುತ್ತೆ. ಅದನ್ನ ಕೇಳಿ ಆಗಿನ ಜಾಝಲ್ಲಿ ಡ್ರಮ್‌ಗೆ ಅಷ್ಟೇನೂ ಜಾಗ ಇರ್ಲಿಲ್ಲ ಅಂತ ಬರೆದ್ರೆ ಇಡೀ ಅಧ್ಯಾಯ ದಾರಿ ತಪ್ಪುತ್ತೆ. ತಟ್ಟೆಯ ಒಂದು ಬದಿಗೆ ಸುಮಾರು ಮೂರು ನಿಮಿಷ ಅಷ್ಟೇ, ಕುಣಿಯೋ ಹಾಲ್‌ನಲ್ಲಿ ಅದನ್ನೇ ಎಷ್ಟು ಹೊತ್ತು ಎಳೀತಿದ್ರು ಅನ್ನೋದು ತಟ್ಟೆ ಹೇಳಲ್ಲ.

ಮೊದಲ ಜಾಝ್ ರೆಕಾರ್ಡ್ ಅನ್ನೋದು 1917ರದ್ದು, ನುಡಿಸಿದ್ದು ಒರಿಜಿನಲ್ ಡಿಕ್ಸಿಲ್ಯಾಂಡ್ ಜಾಸ್ ಬ್ಯಾಂಡ್, ಐದೂ ಜನ ಬಿಳಿಯರು. ಆದ್ರೆ ನ್ಯೂ ಆರ್ಲಿಯನ್ಸ್‌ನಲ್ಲಿ ಕಾರ್ನೆಟ್ ಅನ್ನೋ ಚಿಕ್ಕ ಟ್ರಂಪೆಟ್ ಥರದ ವಾದ್ಯ ಊದಿ ಹೆಸ್ರು ಮಾಡಿದ್ದ ಬಡ್ಡಿ ಬೋಲ್ಡನ್ ಅನ್ನೋ ಕಪ್ಪು ಕಲಾವಿದ್ರು 1907ಕ್ಕೇ ಮಾನಸಿಕ ಆಸ್ಪತ್ರೆ ಸೇರಿಯಾಗಿತ್ತು! ಅವ್ರ ಒಂದು ರೆಕಾರ್ಡೂ ಸಿಕ್ಕಿಲ್ಲ. ಅವ್ರನ್ನ ಹುಡುಕ್ಬೇಕಂದ್ರೆ ಜನಗಣತಿ, ಊರಿನ ವಿಳಾಸದ ಪುಸ್ತಕ, ಆಸ್ಪತ್ರೆ ಕಾಗದ, ಜೊತೆಗೆ ಕೇಳಿದ್ದವ್ರ ನೆನಪು.

ನೆನಪೂ ಸುಮ್ನೆ ಒಪ್ಕೊಳ್ಳೋ ಹಾಗಿಲ್ಲ. ಟ್ರಂಪೆಟ್ ವಾದಕ ಲೂಯಿ ಆರ್ಮ್‌ಸ್ಟ್ರಾಂಗ್ ತಾವು ಹುಟ್ಟಿದ್ದು 1900ರ ಜುಲೈ 4 ಅಂತ ಹೇಳ್ತಾನೇ ಇದ್ರು, ಅವ್ರು ಹೋದ್ಮೇಲೆ ಸಿಕ್ಕಿದ ಚರ್ಚಿನ ದೀಕ್ಷಾಸ್ನಾನದ ದಾಖಲೆಯಲ್ಲಿ ಇದ್ದಿದ್ದು 1901ರ ಆಗಸ್ಟ್ 4. ತಾರೀಕಿಗೆ ನಾನು ಚರ್ಚಿನ ಪುಸ್ತಕ ನಂಬ್ತೀನಿ, ಬೀದಿಯಲ್ಲಿ ಬ್ಯಾಂಡ್ ಹೋಗೋವಾಗ ಏನಾಗ್ತಿತ್ತು ಅನ್ನೋದಕ್ಕೆ ಆರ್ಮ್‌ಸ್ಟ್ರಾಂಗ್ ಮಾತೇ ಬೇಕು. ಪಿಯಾನೋ ವಾದಕ ಜೆಲ್ಲಿ ರೋಲ್ ಮಾರ್ಟನ್ ಅಂತೂ 1902ರಲ್ಲಿ ಜಾಝ್ ಹುಟ್ಟಿಸಿದ್ದೇ ನಾನು ಅಂದವ್ರು, ಆಗಿನ್ನೂ ಹನ್ನೆರಡರ ಆಸುಪಾಸಿನ ಹುಡುಗ. ಹಾಗಂತ ಅವ್ರನ್ನ ಬಿಟ್ಟುಬಿಟ್ರೆ ನಷ್ಟ ನಮ್ಗೇ, ಯಾಕಂದ್ರೆ 1938ರಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಜನಪದ ಸಂಗೀತ ದಾಖಲಿಸ್ತಿದ್ದ ಅಲನ್ ಲೊಮ್ಯಾಕ್ಸ್ ಎದುರು ಪಿಯಾನೋ ಮುಂದೆ ಕೂತು, ಹಳೇ ಕಲಾವಿದ್ರು ಹೇಗೆ ನುಡಿಸ್ತಿದ್ರು ಅಂತ ಒಂದೊಂದಾಗಿ ನುಡಿಸಿ ತೋರ್ಸಿದಾರೆ. ಬಾಯಿ ಹೇಳಿದ್ದಕ್ಕಿಂತ ಆ ಬೆರಳು ಹೇಳಿದ್ದನ್ನ ಹತ್ತು ಸಲ ಕೇಳಿ ಅಂತೀನಿ.

ಇನ್ನೊಂದು, 1942ರ ಆಗಸ್ಟಿಂದ ಅಮೆರಿಕದ ಸಂಗೀತಗಾರರ ಸಂಘ ರೆಕಾರ್ಡಿಂಗ್ ಬಂದ್ ಮಾಡ್ತು, ಒಂದೆರಡು ವರ್ಷ ನಡೀತು. ಬೀಬಾಪ್ ಅನ್ನೋ ಹೊಸ ಜಾಝ್ ಶೈಲಿ ಬೆಳೀತಿದ್ದ ಹೊತ್ತೇ ಅದು. ಕಂಪನಿ ತಟ್ಟೆಗಳನ್ನಷ್ಟೇ ಸಾಲಾಗಿ ಕೇಳ್ತಾ ಹೋದ್ರೆ ಬೀಬಾಪ್ ಆಕಾಶದಿಂದ ಬಿದ್ದ ಹಾಗೆ ಕಾಣುತ್ತೆ. ಅದಕ್ಕೇ 1941ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನ ಮಿಂಟನ್ಸ್ ಕ್ಲಬ್‌ನಲ್ಲಿ ಒಬ್ಬ ಹವ್ಯಾಸಿ ರೆಕಾರ್ಡ್ ಮಾಡಿಟ್ಟ ಚಾರ್ಲಿ ಕ್ರಿಶ್ಚಿಯನ್ ಗಿಟಾರ್‌ನ, ಸದ್ದು ಕೆಟ್ಟಿದ್ರೂ, ನಾನು ಮೊದ್ಲು ಎದುರಿಗಿಟ್ಕೊಳ್ಳೋದು.