ವಾರ್ಡಿನಲ್ಲಿ ಕೂಡಿದ ತಂಡ, ತಲಪಾಡಿಯಲ್ಲಿ ತಪ್ಪುವ ಕೊಂಡಿ

ಬೀಡಿ ಕಟ್ಟುವ ಹೆಂಗಸಿಗೆ ಮನೋರೋಗದ ಮಾತ್ರೆಯಿಂದ ಬೆರಳು ನಡುಗತೊಡಗಿದರೆ ಆಕೆ ಬಿಡುವುದು ಬೀಡಿಯನ್ನಲ್ಲ, ಮಾತ್ರೆಯನ್ನು. ಕಾಸರಗೋಡಿನ ಮಂಜೇಶ್ವರ, ಕುಂಬಳೆಯ ಕಡೆ ಕೂಲಿ ಸಿಗುವುದೇ ಸಾವಿರ ಬೀಡಿಗೆ ಇಷ್ಟು ಎಂದು. ರೌಂಡ್ಸ್‌ಗೆ ಬಂದ ವೈದ್ಯರು ನಿದ್ದೆ ಬಂತೇ, ಕಿವಿಯಲ್ಲಿ ಮಾತು ಕೇಳಿಸುತ್ತದೆಯೇ ಎಂದು ವಿಚಾರಿಸಿ ಮುಂದಿನ ಹಾಸಿಗೆಗೆ ಹೋಗುತ್ತಾರೆ. ಗಂಜಿಯ ತಟ್ಟೆ ಹಿಡಿದ ಕೈಯ ನಡುಕ ಕಾಣುವುದು ನರ್ಸ್‌ಗೆ. ಆ ಕೈಯಿಂದಲೇ ಮನೆ ನಡೆಯುತ್ತದೆಂದು ತಿಳಿಯುವುದು ಸಮಾಜ ಕಾರ್ಯಕರ್ತೆಗೆ. ಇವರೆಲ್ಲ ಒಂದೆಡೆ ಕೂತು ಮಾತಾಡಿದರೆ ಮಾತ್ರೆಯ ಪ್ರಮಾಣ ಬದಲಾಗುತ್ತದೆ. ಇಲ್ಲದಿದ್ದರೆ ಆಕೆ ಮತ್ತೆ ದಾಖಲಾಗುತ್ತಾಳೆ.

ಹೀಗೆ ಕೂರುವ ರೂಢಿ ಬಹಳ ಹಳೆಯದೇನಲ್ಲ. ಕಾಸರಗೋಡು ಮದರಾಸು ಪ್ರಾಂತ್ಯದಲ್ಲಿದ್ದಾಗ ಅದೇ ಪ್ರಾಂತ್ಯದ ಕೋಝಿಕ್ಕೋಡಿನಲ್ಲಿ 1872ರಿಂದಲೇ ಹುಚ್ಚಾಸ್ಪತ್ರೆಯಿತ್ತು. ಮನೋರೋಗಿಗಳನ್ನು ಆಸ್ಪತ್ರೆಗೆ ಸೇರಿಸುವ 1912ರ ಕಾಯ್ದೆಯಲ್ಲಿ ಮ್ಯಾಜಿಸ್ಟ್ರೇಟರ ಆದೇಶಕ್ಕೆ ಇದ್ದ ತೂಕ ರೋಗಿಯ ಮಾತಿಗೆ ಇರಲಿಲ್ಲ. 1950ರ ದಶಕದಲ್ಲಿ ಕ್ಲೋರ್‌ಪ್ರೊಮಜೀನ್ ಎಂಬ ಮನೋರೋಗದ ಔಷಧಿ ಬಂತು, ವಾರ್ಡಿನ ಗದ್ದಲ ತಗ್ಗಿತು. ಆದರೆ ನನ್ನ ಲೆಕ್ಕದಲ್ಲಿ ಅದಕ್ಕಿಂತ ದೊಡ್ಡ ತಿರುವು ಅದೇ ದಶಕದಲ್ಲಿ ಅಮೃತಸರದಲ್ಲಿ ಆದದ್ದು: ಮನೋವೈದ್ಯ ಡಾ. ವಿದ್ಯಾಸಾಗರ್ ಅಲ್ಲಿನ ಮಾನಸಿಕ ಆಸ್ಪತ್ರೆಯ ಆವರಣದಲ್ಲಿ ಡೇರೆ ಹಾಕಿಸಿ ಮನೆಯವರನ್ನು ರೋಗಿಯ ಜೊತೆಗೇ ಉಳಿಸಿಕೊಂಡರು. ಬೆಂಗಳೂರಿನಲ್ಲಿ 1954ರಲ್ಲಿ ಶುರುವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ವೈದ್ಯರ ಜೊತೆಗೆ ಮನಶ್ಶಾಸ್ತ್ರಜ್ಞರನ್ನೂ ನರ್ಸ್‌ಗಳನ್ನೂ ತರಬೇತುಗೊಳಿಸಿತು. 1974ರಲ್ಲಿ ಅದೇ ನಿಮ್ಹಾನ್ಸ್ ಆಯಿತು.

ಕಾನೂನು ನಿಧಾನವಾಗಿ ಹಿಂದೆ ಬಂತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ, ತಾನೇ ನಿರ್ಧರಿಸಲು ಹೆಚ್ಚಿನ ಬೆಂಬಲ ಬೇಕಾದ ರೋಗಿಯನ್ನು ಬೆಂಬಲಿತ ದಾಖಲಾತಿಯಡಿ ಸೇರಿಸಿಕೊಳ್ಳಲು ಒಬ್ಬ ಮನೋವೈದ್ಯರ ಅಭಿಪ್ರಾಯ ಸಾಲದು. ಇನ್ನೊಬ್ಬ ವೃತ್ತಿಪರರೋ ವೈದ್ಯರೋ ಪ್ರತ್ಯೇಕವಾಗಿ ಪರೀಕ್ಷಿಸಬೇಕು. ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ಮಾಹಿತಿ ಕೊಡಬೇಕು. ಈ ಎರಡನೆಯದು ಕಾಸರಗೋಡಿನವರಿಗೆ ಸಣ್ಣ ಮಾತಲ್ಲ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಸರ್ಕಾರಿ ಕಚೇರಿಯಲ್ಲಿ ಮಲಯಾಳ ಎಂದು ಬದುಕುವವರು ತಮಗಾದ ಭಯವನ್ನು ಯಾವ ಭಾಷೆಯಲ್ಲಿ ಹೇಳಬೇಕು? ದೈವ ಮೈಮೇಲೆ ಬಂತೆನ್ನುವುದು ನಂಬಿಕೆಯೋ ರೋಗಲಕ್ಷಣವೋ ಎಂಬುದನ್ನು ಊರಿನ ಬಳಕೆ ಗೊತ್ತಿಲ್ಲದವರು ತೀರ್ಮಾನಿಸಲಾರರು.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಇಲ್ಲಿನವರ ಆಸ್ಪತ್ರೆಯ ದಾರಿ ಮಾತ್ರ ಮಂಗಳೂರಿಗೇ ಉಳಿಯಿತು. ಬದಿಯಡ್ಕದ ಹುಡುಗ ಮಂಗಳೂರಿನ ವಾರ್ಡಿನಲ್ಲಿ ಚೇತರಿಸಿಕೊಂಡು ಮನೆಗೆ ಬರುತ್ತಾನೆ. ಇತ್ತ ಮನೆಯ ಸಮೀಪದಲ್ಲಿ ಅವನನ್ನು ನೋಡಿಕೊಳ್ಳಬೇಕಾದ ಸರ್ಕಾರಿ ಮಾನಸಿಕ ಆರೋಗ್ಯ ವ್ಯವಸ್ಥೆ ಕೇರಳದ್ದು. ಎರಡರ ನಡುವೆ ಇರುವುದು ಪ್ಲಾಸ್ಟಿಕ್ ಚೀಲದೊಳಗಿನ ಡಿಸ್ಚಾರ್ಜ್ ಚೀಟಿ ಒಂದೇ. 2020ರ ಮಾರ್ಚ್‌ನಲ್ಲಿ ಮಂಗಳೂರಿನ ದಾರಿಯಲ್ಲಿರುವ ತಲಪಾಡಿಯ ರಾಜ್ಯ ಗಡಿ ಕೊರೊನಾದಿಂದಾಗಿ ಮುಚ್ಚಿದಾಗ ಮಂಗಳೂರಿನ ಮಾತ್ರೆಯನ್ನೇ ನೆಚ್ಚಿಕೊಂಡವರಿಗೆ ಆ ದಾರಿ ಎಷ್ಟು ಕಿರಿದೆಂದು ಗೊತ್ತಾಯಿತು.

ಬಿಡುಗಡೆಗೆ ಮುನ್ನ ರೋಗಿ, ಮನೆಯವರು ಮತ್ತು ಮುಂದೆ ನೋಡಿಕೊಳ್ಳುವ ಮನೋವೈದ್ಯರೊಂದಿಗೆ ಸಮಾಲೋಚಿಸಬೇಕೆಂದು ಅದೇ ಕಾಯ್ದೆಯ 98ನೆಯ ಕಲಮು ಹೇಳುತ್ತದೆ. ಆ ವೈದ್ಯರು ಗಡಿಯಾಚೆಗಿದ್ದರೆ ಬೇಡ ಎಂದು ಅದರಲ್ಲಿ ಬರೆದಿಲ್ಲ.