ನಲ್ಲಿ ನೀರಿಗೆ ಬೆಂಕಿ ಹತ್ತೋದು ಬಿರುಕಿನಿಂದಾನಾ?

ಪ್ರಶ್ನೆ: ಅಮೆರಿಕದಲ್ಲಿ ಶೇಲ್ ಗ್ಯಾಸ್‌ಗಾಗಿ ಭೂಮಿಯ ಆಳದಲ್ಲಿರುವ ಶೇಲ್ ಎಂಬ ಪದರಗಲ್ಲಿನ ಬಂಡೆ ಸೀಳುತ್ತಾರಂತೆ, ಇದಕ್ಕೇ ಫ್ರ್ಯಾಕಿಂಗ್ ಅನ್ನುವುದಂತೆ. ಆ ಬಿರುಕುಗಳಿಂದಲೇ ಗ್ಯಾಸ್ ಮೇಲೆದ್ದು ಅಕ್ಕಪಕ್ಕದ ಮನೆಗಳ ಬಾವಿಗೆ ಸೇರುತ್ತದಾ?

ಇದಕ್ಕೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕ ಇಟ್ಟಿಲ್ಲ. ಇನ್ನೊಮ್ಮೆ ಬರೆಯುತ್ತೇನೆ, ಬಿಡಿ. ನಲ್ಲಿ ಮುಂದೆ ಲೈಟರ್ ಹಿಡಿದ ಕೂಡಲೇ ಭಗ್ ಅಂತ ಉರಿಯುವ ವಿಡಿಯೋ ನೀವೂ ನೋಡಿರುತ್ತೀರಿ. ನೀರಿನಲ್ಲಿ ಮೀಥೇನ್ (ಈ ಗ್ಯಾಸ್‌ನ ಮುಖ್ಯ ಭಾಗ ಅದೇ) ಸೇರಿದ್ದರೆ ಹಾಗೆ ಆಗುವುದು ನಿಜ. ಅದು ಅಲ್ಲಿಗೆ ಬಂದ ದಾರಿಯ ಬಗ್ಗೆ ಹೇಳುವ ಕಥೆ ಮಾತ್ರ ತಪ್ಪು.

ಮೊದಲು ಅಳತೆ ನೋಡಿ. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಗ್ಯಾಸ್ ತೆಗೆಯುವ ಜಾಗಗಳಲ್ಲಿ ಮಾರ್ಸೆಲಸ್ ಎಂಬ ಶೇಲ್ ಪದರ ಸಾಮಾನ್ಯವಾಗಿ 1,500 ಮೀಟರಿಗಿಂತ ಆಳದಲ್ಲಿದೆ. ಮನೆಗಳ ನೀರಿನ ಬಾವಿ 100 ಮೀಟರ್ ಆಸುಪಾಸು. ನೀರು, ಮರಳು, ಒಂದಿಷ್ಟು ರಾಸಾಯನಿಕ ಕಲಸಿ ಭಾರೀ ಒತ್ತಡದಲ್ಲಿ ನುಗ್ಗಿಸಿದರೂ ಬಿರುಕು 350 ಮೀಟರ್ ಮೇಲೇರುವುದೇ ಅಪರೂಪ. ಉಳಿದ ಸಾವಿರ ಮೀಟರ್ ಬಂಡೆಯನ್ನು ಅದು ಹೇಗೆ ದಾಟೀತು? ಈ ಲೆಕ್ಕವನ್ನು ಯಾರೂ ಮಾಡುವುದೇ ಇಲ್ಲ.

ಹಾಗಾದರೆ ಗ್ಯಾಸ್ ಬರುವುದು ಎಲ್ಲಿಂದ? ಕೊರೆದ ತೂತಿನ ಪಕ್ಕದಿಂದ. ಗ್ಯಾಸ್ ಬಾವಿ ನೀರಿನ ಪದರವನ್ನು ದಾಟಿಯೇ ಕೆಳಗಿಳಿಯಬೇಕು, ಅಲ್ವಾ? ಒಳಗೆ ಉಕ್ಕಿನ ಪೈಪು ಇಳಿಸಿ, ಪೈಪಿಗೂ ಬಂಡೆಗೂ ನಡುವಿನ ಸಂದಿಗೆ ಸಿಮೆಂಟು ತುಂಬುತ್ತಾರೆ. ಆ ಸಿಮೆಂಟು ಸರಿಯಾಗಿ ಕಚ್ಚಿಕೊಳ್ಳದಿದ್ದರೆ ಸಂದಿಯೇ ಗ್ಯಾಸಿಗೆ ಏಣಿ. 2014ರಲ್ಲಿ ವಿಜ್ಞಾನಿಗಳು ನೀರಿನಲ್ಲಿದ್ದ ಹೀಲಿಯಂ, ನಿಯಾನ್‌ನಂಥ ಜಡ ಅನಿಲಗಳ ಜಾಡು ಹಿಡಿದು ಪೆನ್ಸಿಲ್ವೇನಿಯಾ, ಟೆಕ್ಸಾಸ್‌ಗಳ ನೀರಿನ ಬಾವಿಗಳನ್ನು ಪರೀಕ್ಷಿಸಿದರು. ನೀರು ಕೆಟ್ಟಿದ್ದ ಕಡೆಗಳಲ್ಲಿ ಸಿಕ್ಕ ಕಾರಣ ಸೋರುವ ಸಿಮೆಂಟು, ಪೈಪು. ಆಳದ ಬಿರುಕು ಒಂದು ಕಡೆಯೂ ಸಿಗಲಿಲ್ಲ. ಇನ್ನು ಕೆಲವು ನೀರಿನ ಬಾವಿಗಳಲ್ಲಿ ಡ್ರಿಲ್ಲಿಂಗ್ ಶುರುವಾಗುವ ಮೊದಲೇ ಮೀಥೇನ್ ಇರುತ್ತದೆ. ಅದಕ್ಕೇ ಕೊರೆಯುವ ಮುಂಚೆ ನೀರು ಪರೀಕ್ಷೆ ಮಾಡಿಸಿಟ್ಟುಕೊಳ್ಳಿ ಅನ್ನುವುದು.

"ಹಾಗಾದರೆ ಕಂಪನಿಗಳದ್ದು ತಪ್ಪಿಲ್ಲ ಅಂತೀರಾ?" ಅಯ್ಯೋ, ಎಲ್ಲಿ ಹೇಳಿದೆ! ಬಂಡೆ ತಾನಾಗಿ ಬಿರಿದರೆ ಯಾರನ್ನೂ ಹಿಡಿಯಲಾಗದು. ಸಿಮೆಂಟು ತುಂಬುವವರಿಗೆ ಹೆಸರಿದೆ, ವಿಳಾಸವಿದೆ. "ಫ್ರ್ಯಾಕಿಂಗ್‌ನಿಂದ ನೀರು ಕೆಟ್ಟಿಲ್ಲ" ಎಂದು ಕಂಪನಿಯವರು ಹೇಳುವಾಗ ಬಂಡೆ ಸೀಳುವ ಆ ಕೆಲವು ದಿನಗಳನ್ನಷ್ಟೇ ಲೆಕ್ಕಕ್ಕೆ ಹಿಡಿದಿರುತ್ತಾರೆ. ಮೇಲೆ ಚೆಲ್ಲಿದ ರಾಸಾಯನಿಕ, ಗ್ಯಾಸ್ ಬಾವಿಯಿಂದ ವಾಪಸ್ ಬರುವ ಉಪ್ಪು ನೀರು ಎಲ್ಲ ಆ ಮಾತಿನ ಆಚೆ ಉಳಿದುಬಿಡುತ್ತವೆ. ಬಿರುಕಿನ ಕಥೆ ಹೇಳುತ್ತಾ ಕೂತರೆ ಅವರಿಗೇ ಅನುಕೂಲ.

ಯಾರೂ ಕೇಳಲಿಲ್ಲ, ಆದರೂ ಹೇಳುತ್ತೇನೆ: ಇಷ್ಟೆಲ್ಲ ಇದ್ದರೂ ಊರಿನವರು ಯಾಕೆ ಒಪ್ಪುತ್ತಾರೆ? ಅಲ್ಲಿ ನೆಲದಡಿಯ ಗ್ಯಾಸ್ ಖಾಸಗಿ ಸ್ವತ್ತು ಆಗಬಹುದು. ಪೆನ್ಸಿಲ್ವೇನಿಯಾ ಕಾನೂನಿನಂತೆ ಅದರ ಒಡೆಯರಿಗೆ ತೆಗೆದ ಗ್ಯಾಸಿನಲ್ಲಿ ಕನಿಷ್ಠ ಎಂಟನೇ ಒಂದು ಪಾಲು ರಾಯಲ್ಟಿ. ಆದರೆ ನೆಲದಡಿಯ ಹಕ್ಕನ್ನು ಬೇರೆಯಾಗಿಯೂ ಮಾರಬಹುದು. ಅಜ್ಜ ಎಂದೋ ಅದನ್ನು ಮಾರಿದ್ದರೆ ಮೊಮ್ಮಗನಿಗೆ ರಾಯಲ್ಟಿ ಇಲ್ಲ. ಒಂದು ಗ್ಯಾಸ್ ಬಾವಿಗೆ ಕೋಟಿಗೂ ಮಿಕ್ಕಿ ಲೀಟರ್ ನೀರು ಬೇಕು, ಅದನ್ನು ಹೊತ್ತ ಟ್ಯಾಂಕರ್‌ಗಳು ಅವನ ಮನೆ ಮುಂದೆಯೇ ಹೋಗುತ್ತವೆ. 2012ರಿಂದ ರಾಜ್ಯ ಪ್ರತಿ ಶೇಲ್ ಗ್ಯಾಸ್ ಬಾವಿಗೂ ಶುಲ್ಕ ವಸೂಲಿ ಮಾಡಿ ಸ್ಥಳೀಯ ಆಡಳಿತಗಳಿಗೆ ಪಾಲು ಕೊಡುತ್ತಿದೆ. ಆ ದುಡ್ಡಲ್ಲಿ ಅವನ ಮನೆ ಮುಂದಿನ ರಸ್ತೆ ರಿಪೇರಿ ಆದೀತು, ಅಷ್ಟೇ.